ಬೀರು ತಿರುಗಿಸಿದ ಮೇಲೆ ರೂಮಿಗೆ ಜಾಗ ಬಂತು

ನಮ್ಮದು ಮೈಸೂರಿನ ಚಾಮುಂಡಿಪುರಂನಲ್ಲಿರೋ ಹಳೇ ಮನೆ. ರೆಡ್ ಆಕ್ಸೈಡ್ ನೆಲ, 9 ಇಂಚಿನ ಗೋಡೆ. ನಾವು ಮಲಗೋ ರೂಮು ಎಂಟೂವರೆ ಅಡಿಗೆ ಹತ್ತಡಿ, ಅಂದರೆ 85 ಚದರ ಅಡಿ. ಮನೆಯ ಎರಡನೇ ರೂಮಿಗೆ 7.5 ಚದರ ಮೀಟರ್ ಇದ್ದರೂ ಸಾಕು ಅನ್ನುತ್ತೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಅದು ಸುಮಾರು 81 ಚದರ ಅಡಿ. ಹಾಗಾಗಿ ಕಾಗದದ ಮೇಲೆ ನಮ್ಮದು ಚಿಕ್ಕ ರೂಮೇ ಅಲ್ಲ. ಅದರೊಳಗೆ ಐದಡಿ ಅಗಲದ ಮಂಚ, ಮೂರಡಿ ಅಗಲದ ಸ್ಟೀಲ್ ಬೀರು, ದಸರಾ ಬೊಂಬೆಗಳ ಟ್ರಂಕು, ಜೊತೆಗೆ ಹೈಸ್ಕೂಲ್ ಮಗಳ ಪುಸ್ತಕ ಎಲ್ಲ ಸೇರಿದರೆ ಸಂಹಿತೆ ಬರೆದವರಿಗೂ ಉಸಿರುಗಟ್ಟುತ್ತೆ.

ಚಿಕ್ಕ ರೂಮು ಅಂದ ಕೂಡಲೇ ಎಲ್ಲರೂ ಏನು ಕೊಳ್ಳಬೇಕು ಅಂತ ಶುರು ಮಾಡ್ತಾರೆ. ನಾನು ನೋಡಿದ್ದು ಬೇರೆ. ಸಾಮಾನು ಕೂರುವ ಜಾಗಕ್ಕಿಂತ ಅದರ ಬಾಗಿಲು ತೆರೆಯೋಕೆ ಬೇಕಾದ ಜಾಗವೇ ಜಾಸ್ತಿ. ರೂಮಿನ ಕದ, ಬೀರುವಿನ ಎರಡು ಬಾಗಿಲು, ಡ್ರಾಯರ್ ಇದ್ದರೆ ಡ್ರಾಯರ್, ಇವೆಲ್ಲ ನೆಲ ತಿನ್ನುತ್ತವೆ. ಬೇಸಿಗೆ ರಜದಲ್ಲಿ ರೂಮು ಖಾಲಿ ಮಾಡಿ, ಸೀಮೆಸುಣ್ಣ ತಗೊಂಡು ನೆಲದ ಮೇಲೇ ಗೆರೆ ಹಾಕಿದೆ. ಮಂಚಕ್ಕೊಂದು ಚೌಕ, ಬೀರುವಿಗೊಂದು, ಆಮೇಲೆ ಪ್ರತಿ ಬಾಗಿಲು ತಿರುಗುವ ಕಡೆ ಅರ್ಧ ಬಳೆ ಥರ ಒಂದು ಗೆರೆ. ಕೆಂಪು ನೆಲದ ಮೇಲೆ ಬಿಳಿ ಗೆರೆ ಚೆನ್ನಾಗಿ ಕಾಣುತ್ತೆ. ಎಲ್ಲಿ ಎರಡು ಬಳೆ ಒಂದರ ಮೇಲೊಂದು ಬಿದ್ದವೋ ಅಲ್ಲೇ ದಿನಾ ನಾವು ಡಿಕ್ಕಿ ಹೊಡೀತಿದ್ದಿದ್ದು.

ಮಂಚ ಅಲ್ಲಾಡೋ ಹಾಗಿರಲಿಲ್ಲ. ಪೂರ್ವಕ್ಕೆ ತಲೆ, ದಕ್ಷಿಣದ ಗೋಡೆಗೆ ಒಂದು ಪಕ್ಕ. ಉತ್ತರಕ್ಕೆ ತಲೆ ಹಾಕೋ ಮಾತೇ ನಮ್ಮನೇಲಿ ಎತ್ತೋ ಹಾಗಿಲ್ಲ. ಆರೂವರೆ ಅಡಿ ಮಂಚ ಹೋದರೆ ಕಾಲಿನ ಕಡೆ ಮೂರೂವರೆ ಅಡಿ, ಅಂದರೆ 42 ಇಂಚು ಉಳಿಯುತ್ತೆ. ಬೀರು ಪಶ್ಚಿಮದ ಗೋಡೆಗೆ ಬೆನ್ನು ಮಾಡಿ ಮಂಚವನ್ನೇ ನೋಡ್ತಾ ನಿಂತಿತ್ತು. ಅದರ ಆಳ 19 ಇಂಚು. ಉಳಿದ 23 ಇಂಚಿನಲ್ಲಿ 18 ಇಂಚಿನ ಬಾಗಿಲೂ ತೆರೀಬೇಕು, ನಾನೂ ನಿಲ್ಲಬೇಕು. ಕೆಳಗಿನ ಅರೆಯಿಂದ ಸೀರೆ ತೆಗೆಯೋಕೆ ಮಂಚದ ಮೇಲೆ ಕೂತು ಬಗ್ಗುತ್ತಿದ್ದೆ. ರೂಮಿನ ಕದ ಪೂರ್ತಿ ತೆರೆದರೆ ಅದೂ ಬಂದು ಬೀರುವಿಗೆ ಬಡೀತಿತ್ತು.

ಬೀರುವನ್ನು ಕಾಲು ಸುತ್ತು ತಿರುಗಿಸಿದೆವು, ಅಷ್ಟೇ. ಅದೇ ಮೂಲೆ, ಆದರೆ ಬೆನ್ನು ಈಗ ದಕ್ಷಿಣದ ಗೋಡೆಗೆ. 42 ಇಂಚಿನಲ್ಲಿ 36 ಇಂಚಿನ ಬೀರು ಕೂತು 6 ಇಂಚು ಉಳೀತು. ಮುಂದೆ ಎದುರು ಗೋಡೆವರೆಗೆ ಸುಮಾರು ಏಳಡಿ ಖಾಲಿ. ಈಗ ಎರಡೂ ಬಾಗಿಲು ತೆರೆದಿಟ್ಟು ಆರಾಮಾಗಿ ನಿಂತು ಬಟ್ಟೆ ಹುಡುಕಬಹುದು. ಅತ್ತೆ ಬಂದು ನೋಡಿ, "ಬೀರು ಉತ್ತರಕ್ಕೆ ಮುಖ ಮಾಡಿರ್ಬೇಕು ಅಂತ ಮೊದ್ಲಿಂದ ಬಡ್ಕೊಂಡೆ ಕಣಮ್ಮ" ಅಂದರು. ನನ್ನ ಲೆಕ್ಕ ಇಂಚಿನದು, ಅವರದು ವಾಸ್ತುವಿನದು. ಇಬ್ಬರಿಗೂ ಸಮಾಧಾನ ಆಯ್ತಲ್ವಾ, ಸುಮ್ನೆ ಇದ್ದುಬಿಟ್ಟೆ.

ಉಳಿದ 6 ಇಂಚಿನಲ್ಲಿ 2 ಇಂಚು ಗೋಡೆ ಕಡೆಗೆ ಬಿಟ್ಟೆ. ಇಲ್ಲದಿದ್ದರೆ ಆ ಕಡೆ ಬಾಗಿಲಿನ ಹಿಡಿ ಗೋಡೆಗೆ ತಾಗುತ್ತೆ. ಬೀರುವಿನ ಬೆನ್ನ ಹಿಂದೆಯೂ 2 ಇಂಚು ಬಿಡಿ. ಮಳೆಗಾಲದಲ್ಲಿ ಗೋಡೆ ತೇವ ಹಿಡಿದರೆ ತಗಡಿಗೆ ತುಕ್ಕು ಬರುತ್ತೆ. ಮಂಚದ ಕಡೆ ಉಳಿದ 4 ಇಂಚಿನ ಸಂದಿಯಲ್ಲಿ ಮಡಚೋ ಇಸ್ತ್ರಿ ಟೇಬಲ್ಲು, ಚಾಪೆ.

ಆಮೇಲೆ ಕದ. ಅದು ಪಶ್ಚಿಮದ ಗೋಡೆಯ ಉತ್ತರದ ತುದಿಯಲ್ಲಿದೆ. ಕೀಲು ಇದ್ದದ್ದು ಬೀರುವಿನ ಕಡೆಗೆ. ಕೀಲನ್ನು ಆಚೆ ಬದಿಗೆ ಹಾಕಿದರೆ ಕದ ತೆರೆದಾಗ ಉತ್ತರದ ಗೋಡೆಗೆ ಅಂಟಿಕೊಂಡು ನಿಲ್ಲುತ್ತೆ, ರೂಮಿನ ನಡುವೆ ಬರೋದೇ ಇಲ್ಲ. ಮರಗೆಲಸದ ಆಚಾರ್ರು ಚೌಕಟ್ಟು ತಟ್ಟಿ ನೋಡಿ, "ಆಗುತ್ತಕ್ಕ, ಆದ್ರೆ ಚಿಲಕನೂ ಈ ಕಡೆ ಬರ್ಬೇಕು. ಹಳೇ ಗುರುತು ಸ್ವಲ್ಪ ಕಾಣುತ್ತೆ" ಅಂದರು. ಹಳೆ ಕೀಲು ಕೂತಿದ್ದ ಗುಳಿಗೆ ಅದೇ ಅಳತೆಯ ಮರದ ತುಂಡು ಕೂರಿಸಿ, ಮೇಲೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಿ ಮೆತ್ತಿ, ಉಪ್ಪು ಕಾಗದದಲ್ಲಿ ಉಜ್ಜಿದರು. ಪೇಂಟ್ ಆದ ಮೇಲೆ ಹತ್ತಿರ ಹೋಗಿ ನೋಡಿದರಷ್ಟೇ ಗೊತ್ತಾಗುತ್ತೆ. ಸ್ವಿಚ್ ಬೋರ್ಡ್ ಕದದ ಹಿಂದೆ ಸಿಕ್ಕಿಕೊಳ್ಳುತ್ತಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ನಮ್ಮದು ಸಿಕ್ಕಿಕೊಳ್ತಿತ್ತು, ಎಲೆಕ್ಟ್ರಿಷಿಯನ್‌ಗೂ ಒಂದು ಕೆಲಸ ಆಯ್ತು.

ಮಂಚದ ಕೆಳಗೆ ಏನು ಮಾಡೋದು ಅಂತ ತುಂಬಾ ಚರ್ಚೆ ನಡೀತು. ನಮ್ಮನೆಯವರಿಗೆ ಹಾಸಿಗೆ ಸಮೇತ ಹಲಗೆಯನ್ನೇ ಮೇಲಕ್ಕೆತ್ತೋ ಹೈಡ್ರಾಲಿಕ್ ಮಂಚದ ಮೇಲೆ ಕಣ್ಣು. ಅದಕ್ಕೆ ಪಕ್ಕದಲ್ಲಿ ಜಾಗ ಬೇಡ, ನಿಜ. ಆದರೆ ನಮ್ಮದು ತೆಂಗಿನ ನಾರಿನ ಹಾಸಿಗೆ, ಹೆಣಭಾರ. ಮೇಲೆ ಹೊದಿಕೆ, ದಿಂಬು ಬೇರೆ. ಒಂದು ಬೆಡ್‌ಶೀಟಿಗಾಗಿ ಅಷ್ಟನ್ನೂ ಯಾರು ಎತ್ತುತ್ತಾರೆ? ಡ್ರಾಯರ್ ಮಂಚವಾದರೆ, 20 ಇಂಚಿನ ಡ್ರಾಯರ್ ಎಳೆಯೋಕೆ ಎದುರಿಗೆ 20 ಇಂಚು, ನಾವು ಕೂರೋಕೆ ಇನ್ನಷ್ಟು ಬೇಕು. ಕೊನೆಗೆ ಇದ್ದ ತೇಗದ ಮಂಚವನ್ನೇ 4 ಇಂಚು ಎತ್ತರಿಸಿದೆವು. ಮರದ ದಿಮ್ಮಿಯ ನಾಲ್ಕು ತುಂಡು, ಪ್ರತಿಯೊಂದರ ನಡುವೆ ಮಂಚದ ಕಾಲು ಕೂರೋ ಅಷ್ಟು ಕುಳಿ. ಕುಳಿ ಇಲ್ಲದೆ ಬರೀ ತುಂಡು ಅಥವಾ ಇಟ್ಟಿಗೆ ಕೊಟ್ಟರೆ ಒಂದು ದಿನ ಜಾರುತ್ತೆ. ವಯಸ್ಸಾದವರು ಮಲಗೋ ಮಂಚಕ್ಕೆ ಇದು ಬೇಡ, ಕೂತಾಗ ಕಾಲು ನೆಲಕ್ಕೆ ಊರಬೇಕು.

ಕೆಳಗೆ ಏನಿಡಬೇಕು ಅನ್ನೋದಕ್ಕೆ ನನ್ನದೊಂದೇ ನಿಯಮ: ವರ್ಷಕ್ಕೊಮ್ಮೆ ಬೇಕಾದದ್ದು ಗೋಡೆ ಕಡೆಗೆ, ತಿಂಗಳಿಗೊಮ್ಮೆ ಬೇಕಾದದ್ದು ಅಂಚಿಗೆ. ದಿನಾ ಬೇಕಾದದ್ದು ಮಂಚದ ಕೆಳಗೆ ಹೋಗಲೇಬಾರದು. ಮೈಸೂರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಬೇಕಾದದ್ದು ಅಂದರೆ ಇನ್ನೇನು, ಬೊಂಬೆಗಳೇ. ಪಟ್ಟದ ಬೊಂಬೆ, ಚನ್ನಪಟ್ಟಣದ್ದು, ಮಣ್ಣಿನ ಶೆಟ್ಟಿ ದಂಪತಿ, ಒಂದೊಂದಕ್ಕೂ ಹಳೇ ಪಂಚೆಯ ತುಂಡು ಸುತ್ತಿ ಅತ್ತೆಯ ಕಬ್ಬಿಣದ ಟ್ರಂಕುಗಳಲ್ಲಿ ಮಲಗಿಸಿದ್ದೇವೆ. ಟ್ರಂಕುಗಳನ್ನು ಗಾಲಿ ಹಾಕಿದ ಹಲಗೆ ಮೇಲೆ ಇಟ್ಟಿದ್ದೇವೆ, ನೆಲ ಒರೆಸುವಾಗ ಒಂದೇ ಕೈಯಲ್ಲಿ ಎಳೀಬಹುದು. ನವರಾತ್ರಿಯಲ್ಲಿ ಅವೇ ಟ್ರಂಕುಗಳು ಹಾಲ್‌ಗೆ ಹೋಗಿ ಬಿಳಿ ಪಂಚೆ ಹೊದ್ದು ಮೆಟ್ಟಿಲಾಗುತ್ತವೆ. ಮಂಚದ ಕೆಳಗಿನ ಆ ಜಾಗಕ್ಕೆ ದಸರಾ ನೋಡೋಕೆ ಬಂದ ನೆಂಟರ ಸೂಟ್‌ಕೇಸ್ ಹೋಗುತ್ತೆ.

ಉತ್ತರದ ಗೋಡೆಯಲ್ಲಿ ಕಿಟಕಿ ಮೇಲೆ, ಏಳಡಿ ಎತ್ತರಕ್ಕೆ ರೂಮಿನ ಒಳಕ್ಕೆ 2 ಅಡಿ ಚಾಚಿದ, ಸಾಮಾನಿಡೋ ಕಾಂಕ್ರೀಟ್ ಸಜ್ಜಾ ಇದೆ. ಇದರ ಬಗ್ಗೆ ಒಂದು ಎಚ್ಚರಿಕೆ. ಮಾಮೂಲಿ ಫ್ಯಾನು 1200 ಮಿಲಿಮೀಟರಿನದು, ಅಂದರೆ ನಡುವಿನಿಂದ ರೆಕ್ಕೆ ತುದಿಗೆ ಸುಮಾರು 2 ಅಡಿ. ಎಂಟೂವರೆ ಅಡಿ ರೂಮಿನ ನಡುವೆ ಅದು ತಿರುಗಿದರೆ ರೆಕ್ಕೆಗೂ ಸಜ್ಜಾ ಅಂಚಿಗೂ ಇರೋದು ಬರೀ ಮೂರು ಇಂಚು ಚಿಲ್ಲರೆ. ಮೇಲಿಂದ ಬ್ಯಾಗ್ ಎಳೆಯೋರ ಕೈ ಎಲ್ಲಿರುತ್ತೆ ಯೋಚಿಸಿ. 900 ಮಿಲಿಮೀಟರ್ ಫ್ಯಾನ್ ಹಾಕಿಸಿದೆವು, ಅಂತರ 9 ಇಂಚಾಯ್ತು. ಇಷ್ಟು ರೂಮಿಗೆ ಅದರ ಗಾಳಿ ಧಾರಾಳ. ಆದರೂ ಫ್ಯಾನ್ ಆರಿಸದೆ ಏಣಿ ಹತ್ತೋ ಹಾಗಿಲ್ಲ. ಸಜ್ಜಾ ಮೇಲೆ ಹಗುರವಾದದ್ದು ಮಾತ್ರ.

ಮಂಚದ ಪಕ್ಕ ಟೇಬಲ್ ಇಲ್ಲ. ತಲೆ ಕಡೆ ಗೋಡೆಯಲ್ಲಿ ಮೊದಲು ದೀಪ ಇಡ್ತಿದ್ದ ಗೂಡಿತ್ತು, ಈಗ ಅದರಲ್ಲಿ ಫೋನು, ಕನ್ನಡಕ, ನೀರಿನ ಲೋಟ. ಇನ್ನೊಂದು ಗೂಡು ಕೊರೆಸೋಣ ಅಂದಾಗ ಗಾರೆ ಕೆಲಸದವರು ಬೇಡವೇ ಬೇಡ ಅಂದರು. ಇಂಥ ಹಳೆ ಮನೆಗಳಲ್ಲಿ ಸಾಮಾನ್ಯವಾಗಿ ಪಿಲ್ಲರ್ ಇರೋದಿಲ್ಲ, ತಾರಸಿಯ ಭಾರ ಗೋಡೆ ಮೇಲೇ ಕೂತಿರುತ್ತೆ. ದೊಡ್ಡ ಕನ್ನಡಿ ಹಾಕಿದರೆ ರೂಮು ದೊಡ್ಡದಾಗಿ ಕಾಣುತ್ತೆ ಅಂತ ತುಂಬಾ ಜನ ಹೇಳಿದರು. ಕಾಣುತ್ತೆ. ಆದರೆ ಕಾಣೋ ಜಾಗದಲ್ಲಿ ಬಟ್ಟೆ ಇಡೋಕೆ ಆಗಲ್ಲ.

ಮಗಳಿಗೆ ಕಿಟಕಿ ಕೆಳಗೆ 16 ಇಂಚಿನ ಮಡಚೋ ಹಲಗೆ ಹಾಕಿಸಿದ್ದೀವಿ. ಓದುವಾಗ ಎತ್ತಿದರೆ ಮಂಚಕ್ಕೂ ಹಲಗೆಗೂ ನಡುವೆ 26 ಇಂಚು ಇರುತ್ತೆ, ಸ್ಟೂಲ್ ಹಾಕೋಕೆ ಸಾಕು.

ಬಾಡಿಗೆ ಮನೆಯವರು ಕದ, ಗೋಡೆ ಮುಟ್ಟೋ ಮುಂಚೆ ಓನರನ್ನು ಕೇಳಿ. ಬೀರು ತಿರುಗಿಸೋಕೆ, ಮಂಚ ಎತ್ತರಿಸೋಕೆ ಯಾರನ್ನೂ ಕೇಳಬೇಕಾಗಿಲ್ಲ. ಬೀರು ಎಳೆಯೋ ಮುಂಚೆ ಕಾಲಿನ ಕೆಳಗೆ ಹಳೇ ಗೋಣಿಚೀಲ ತೂರಿಸಿ, ಇಲ್ಲದಿದ್ದರೆ ರೆಡ್ ಆಕ್ಸೈಡ್ ಮೇಲೆ ಗೀಟು ಬೀಳುತ್ತೆ.