ಸಹಾಯವಾಣಿಯ ಕುರ್ಚಿ ಮನೆಗೆ ಬರಬೇಕಾದರೆ

ಪದವಿ ಮುಗಿಸಿ, ಮದುವೆಯಾಗಿ ಬೇಲೂರು, ಆಲೂರು, ಕೊಪ್ಪದ ಕಡೆ ನೆಲೆಸಿರುವ ಹೆಣ್ಣುಮಕ್ಕಳಿಂದ ಈಚೆಗೆ ಪದೇ ಪದೇ ಕೇಳಿಬರುವ ಪ್ರಶ್ನೆ ಇದು: ದಿನಕ್ಕೆ ನಾಲ್ಕು ಗಂಟೆ ಮನೆಯಲ್ಲೇ ಕೂತು ಸರ್ಕಾರಿ ಸಹಾಯವಾಣಿಯ ಕರೆ ಸ್ವೀಕರಿಸುವ ಕೆಲಸ ಸಿಗುತ್ತದೆಯೇ? ಸಿಗಬಹುದು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಜಾಹೀರಾತು ತೋರಿಸುವ ದಾರಿಯಲ್ಲಂತೂ ಸಿಗುವುದಿಲ್ಲ.

ಕೆಲಸ ಕೊಡುವವರು ಯಾರು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕುಂದುಕೊರತೆಗೆ 1902, ವಿದ್ಯುತ್ತಿಗೆ 1912, ಆರೋಗ್ಯಕ್ಕೆ 104. ಸಂಖ್ಯೆಗಳು ಸರ್ಕಾರದವು, ಕರೆ ಎತ್ತುವವರು ಸಾಮಾನ್ಯವಾಗಿ ಟೆಂಡರ್ ಗೆದ್ದ ಖಾಸಗಿ ಸಂಸ್ಥೆಯ ನೌಕರರು. ಹಾಗಾಗಿ ಇದು ಸರ್ಕಾರಿ ಹುದ್ದೆಯಲ್ಲ, ಗುತ್ತಿಗೆಯ ಕೆಲಸ. ಹಿಂದೆ ಕಾಲ್ ಸೆಂಟರ್ ಏಜೆಂಟರು ಮನೆಯಿಂದ ದುಡಿಯುವುದಕ್ಕೆ ದೂರಸಂಪರ್ಕ ಇಲಾಖೆಯ ಬಿಗಿ ಷರತ್ತುಗಳಿದ್ದವು. 2020ರ ನವೆಂಬರ್ ಮತ್ತು 2021ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಗಳು ಅವನ್ನು ಸಡಿಲಿಸಿದವು. ಈಗ ಕಾನೂನು ಅಡ್ಡ ಬರುವುದಿಲ್ಲ, ಅಡ್ಡ ಬರುವುದು ಟೆಂಡರಿನ ಷರತ್ತು. ಎಷ್ಟೋ ಇಲಾಖೆಗಳು ಏಜೆಂಟರು ಒಂದೇ ಕೊಠಡಿಯಲ್ಲಿ, ಮೇಲ್ವಿಚಾರಕರ ಕಣ್ಣೆದುರು ಕೂರಬೇಕೆಂದು ಬಯಸುತ್ತವೆ. 112ರಂಥ ತುರ್ತು ಸೇವೆಯನ್ನು ಮನೆಯಿಂದ ಮಾಡುವ ಆಸೆಯನ್ನು ಈಗಲೇ ಬಿಡಿ. ನೇರವಾಗಿ ಮನೆಯ ಕುರ್ಚಿ ಕೇಳುವುದಕ್ಕಿಂತ, ಕೆಲವು ತಿಂಗಳು ಕೇಂದ್ರದಲ್ಲಿ ಕೂತು ಕೆಲಸ ಕಲಿತು, ಕರೆಗಳು ಮುಗಿಬೀಳುವ ಹೊತ್ತಿನ ಅರ್ಧ ಪಾಳಿಯನ್ನು ಮನೆಯಿಂದ ಮಾಡುತ್ತೇನೆಂದು ಕೇಳುವುದು ನನ್ನ ಮಟ್ಟಿಗೆ ಬುದ್ಧಿವಂತರ ದಾರಿ.

ಮನೆಯನ್ನು ಪರೀಕ್ಷಿಸಿ

ಅರ್ಜಿ ಹಾಕುವ ಮೊದಲು ಮನೆ ಈ ಕೆಲಸಕ್ಕೆ ಒದಗುತ್ತದೆಯೇ ನೋಡಬೇಕು. ನನ್ನ ಅನುಮಾನವೇನೆಂದರೆ, ಮಲೆನಾಡಿನ ಅರ್ಧದಷ್ಟು ಮನೆಗಳು ಇಲ್ಲೇ ನಪಾಸಾಗುತ್ತವೆ.

ಅಂತರ್ಜಾಲದಿಂದ ಶುರು ಮಾಡೋಣ. ಒಂದು ಧ್ವನಿ ಕರೆಗೆ ಸುಮಾರು 100 ಕೆಬಿಪಿಎಸ್, ಅಂದರೆ ಒಂದು ಎಂಬಿಪಿಎಸ್‌ನ ಹತ್ತನೇ ಒಂದು ಪಾಲಿನ ವೇಗ ಇದ್ದರೆ ಸಾಕು. ಆದ್ದರಿಂದ ‘ನಮ್ಮಲ್ಲಿ 50 ಎಂಬಿಪಿಎಸ್ ಇದೆ’ ಎನ್ನುವುದು ದೊಡ್ಡ ಮಾತಲ್ಲ. ಮಾತು ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಆ ವಿಳಂಬದ ಏರಿಳಿತ 30 ಮಿಲಿಸೆಕೆಂಡಿನೊಳಗಿರಬೇಕು, ದಾರಿಯಲ್ಲಿ ಕಳೆದುಹೋಗುವ ದತ್ತಾಂಶ ಶೇ 1ನ್ನು ದಾಟಬಾರದು. ಮೊಬೈಲ್ ಹಾಟ್‌ಸ್ಪಾಟ್ ಸೋಲುವುದು ವೇಗದಲ್ಲಲ್ಲ, ಈ ಏರಿಳಿತದಲ್ಲಿ. ಫೈಬರ್ ಸಂಪರ್ಕ ಪಡೆದು, ರೂಟರ್‌ನಿಂದ ಕಂಪ್ಯೂಟರಿಗೆ ವೈರ್ ಎಳೆಯಿರಿ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ ಮತ್ತು ಇಡೀ ಊರು ಮೊಬೈಲ್ ನೋಡುವ ರಾತ್ರಿ ಎಂಟರ ಹೊತ್ತಿಗೆ ಪರೀಕ್ಷಿಸಿ ಬರೆದಿಟ್ಟುಕೊಳ್ಳಿ. ಸಂದರ್ಶನದಲ್ಲಿ ಆ ಹಾಳೆ ನಿಮ್ಮ ಪರವಾಗಿ ಮಾತನಾಡುತ್ತದೆ.

ಇನ್ನು ಕರೆಂಟು. ಹಾಸನ ಜಿಲ್ಲೆಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಚಿಕ್ಕಮಗಳೂರಿಗೆ ಮೆಸ್ಕಾಂ. ಯಾರ ಕರೆಂಟಾದರೂ ಆಷಾಢದ ಗಾಳಿಮಳೆಗೆ ಸಕಲೇಶಪುರ, ಮೂಡಿಗೆರೆ, ಶೃಂಗೇರಿಯಲ್ಲಿ ಮರ ಬಿದ್ದು ತಂತಿ ಹರಿಯುವುದು ತಪ್ಪಿದ್ದಲ್ಲ. 1912ಕ್ಕೆ ಕರೆಗಳು ನುಗ್ಗುವುದೂ ಅದೇ ದಿನ, ಕರೆ ಎತ್ತಬೇಕಾದವರ ಮನೆ ಕತ್ತಲಾಗುವುದೂ ಅದೇ ದಿನ! ಲ್ಯಾಪ್‌ಟಾಪ್‌ಗೆ ಇನ್ವರ್ಟರ್, ರೂಟರ್‌ಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಇರಲಿ. ಆದರೂ ನಿಮ್ಮೂರಿನ ಫೈಬರ್ ಉಪಕರಣ ಇರುವ ಕಡೆಯೇ ಬ್ಯಾಟರಿ ಮುಗಿದರೆ ನಿಮ್ಮ ಇನ್ವರ್ಟರ್ ಏನೂ ಮಾಡಲಾರದು. ಕರೆಂಟು ಹೋದ ಮೇಲೆ ಎಷ್ಟು ಹೊತ್ತು ಸಂಪರ್ಕ ಉಳಿಯುತ್ತದೆಂದು ಕೇಬಲ್‌ನವರನ್ನೇ ಕೇಳಿ.

ಕೊನೆಗೆ ಸದ್ದು. ಕುಕ್ಕರಿನ ಸೀಟಿ, ಮಿಕ್ಸಿ, ನಾಯಿ ಇವನ್ನೆಲ್ಲ ಹೇಗೋ ಹತೋಟಿಗೆ ತರಬಹುದು. ಶೀಟು ಹೊದಿಸಿದ ಮಾಡಿನ ಮೇಲೆ ಬೀಳುವ ಮಳೆಯನ್ನು ಯಾವ ದುಬಾರಿ ಹೆಡ್‌ಸೆಟ್ಟೂ ಪೂರ್ತಿ ಅಡಗಿಸುವುದಿಲ್ಲ. ಆರ್‌ಸಿಸಿ ಅಥವಾ ಹಲಗೆ ಅಟ್ಟದ ಕೆಳಗಿನ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯನ್ನೇ ಆರಿಸಿಕೊಳ್ಳಿ.

ಬೆರಳು, ಕಿವಿ, ತಿಳಿವಳಿಕೆ

ದೂರನ್ನು ಕನ್ನಡದಲ್ಲಿಯೇ ದಾಖಲಿಸಬೇಕಾಗುತ್ತದೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಅಭ್ಯಾಸ ಇಲ್ಲಿ ನಿಧಾನವಾಗುತ್ತದೆ. ‘ನುಡಿ’ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸವನ್ನು ಕಲಿತು, ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಕೇಳುತ್ತಲೇ ಬರೆಯುವುದನ್ನು ಆಕಾಶವಾಣಿಯ ವಾರ್ತೆ ಇಟ್ಟುಕೊಂಡು ರೂಢಿಸಿಕೊಳ್ಳಬಹುದು. ‘ಡೊಮೆಸ್ಟಿಕ್ ವಾಯ್ಸ್’ ಎಂಬ ಕೌಶಲ ತರಬೇತಿಯ ಪ್ರಮಾಣಪತ್ರವಿದ್ದರೆ ಒಳ್ಳೆಯದು, ಇಲ್ಲದಿದ್ದರೂ ನಷ್ಟವಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಕರೆ ಮಾಡುವವರ ಲೋಕ ಗೊತ್ತಿರುವುದು. ‘ಐವತ್ತೇಳು ಹಾಕಿದ್ದೆ, ಏನೂ ಆಗಿಲ್ಲ’ ಎಂದು ಕಳಸದ ರೈತರು ಹೇಳಿದರೆ ಅದು ಬಗರ್ ಹುಕುಂ, ಅಂದರೆ ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸಲು ಹಾಕುವ ಅರ್ಜಿ ನಮೂನೆ 57 ಎಂದು ತಕ್ಷಣ ಹೊಳೆಯಬೇಕು. ಪಹಣಿ, ಪೋಡಿ, ಖಾತೆ ಒಂದೇ ಅಲ್ಲ ಎಂಬುದು ತಿಳಿದಿರಬೇಕು. ಸರ್ಕಾರಿ ಸೇವೆಯನ್ನು ಗೊತ್ತಾದ ಅವಧಿಯೊಳಗೆ ಕೊಡುವ ‘ಸಕಾಲ’ದ ಅರ್ಜಿಯಾದರೆ ರಸೀದಿಯಲ್ಲಿರುವ 15 ಅಂಕಿಯ ಸಂಖ್ಯೆಯನ್ನು ಮೊದಲು ಕೇಳಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿಲ್ಲ ಎಂಬ ದೂರಿಗೆ ‘ಕಚೇರಿಗೆ ಹೋಗಿ’ ಎಂದರೆ ಅದು ಉತ್ತರವಲ್ಲ. ಆಧಾರ್ ಜೋಡಣೆಯಾದ ಖಾತೆಗೆ ಹಣ ಹೋಗುತ್ತದೆ. ಯಾವುದೋ ಕಾಲದಲ್ಲಿ ತೆರೆದು ಮರೆತ ಇನ್ನೊಂದು ಬ್ಯಾಂಕಿನ ಖಾತೆ ಜೋಡಣೆಯಾಗಿದ್ದರೆ ಹಣ ಅಲ್ಲಿ ಬಿದ್ದಿರುತ್ತದೆ. ಇದನ್ನು ಕೇಳಿ ತಿಳಿಯಲು ಒಂದು ನಿಮಿಷ ಸಾಕು. ಅಷ್ಟು ಕೇಳಿದವರು ಕರೆ ಮಾಡಿದ ಅಜ್ಜಿಗೆ ತಾಲ್ಲೂಕು ಕೇಂದ್ರದ ಒಂದು ಬಸ್ ಚಾರ್ಜ್ ಉಳಿಸಿದಂತೆ. ಈ ತಿಳಿವಳಿಕೆಯಲ್ಲಿ ಬೆಂಗಳೂರಿನ ಚುರುಕು ನಾಲಗೆಯವರಿಗಿಂತ ಅರಸೀಕೆರೆ, ಕಡೂರಿನವರು ಎಷ್ಟೋ ಮುಂದೆ. ಲಂಬಾಣಿ, ತುಳು ಅಥವಾ ಉರ್ದು ಬಲ್ಲವರು ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಲಿ.

ಕೃಷಿ ಪದವೀಧರರಿಗೆ ಬೇರೆಯೇ ಬಾಗಿಲಿದೆ. 2004ರ ಜನವರಿಯಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ರೈತರ ಕರೆ ಸ್ವೀಕರಿಸುತ್ತದೆ, ಉತ್ತರಿಸುವವರು ಕೃಷಿ ಅಥವಾ ಸಂಬಂಧಿತ ವಿಷಯದ ಪದವೀಧರರು. ಹಾಸನದ ಕೃಷಿ ಕಾಲೇಜು, ಪಶುವೈದ್ಯಕೀಯ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದಿದವರು ಅತ್ತ ಕಣ್ಣಿಟ್ಟಿರಬೇಕು.

ಎಲ್ಲಿ ಹುಡುಕುವುದು

ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ, ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್ ಜಾಲತಾಣ, ಮೂರರಲ್ಲೂ ಹೆಸರು ನೋಂದಾಯಿಸಿ. ಹೆಚ್ಚು ಫಲ ಕೊಡುವ ಉಪಾಯ ಇನ್ನೊಂದಿದೆ. ಸಹಾಯವಾಣಿಯ ಟೆಂಡರ್‌ಗಳು ರಾಜ್ಯದ ಸಂಗ್ರಹಣಾ ಪೋರ್ಟಲ್‌ನಲ್ಲಿಯೂ ಕೇಂದ್ರದ ಸರ್ಕಾರಿ ಖರೀದಿ ತಾಣವಾದ ಜೆಮ್ ಪೋರ್ಟಲ್‌ನಲ್ಲಿಯೂ ಪ್ರಕಟವಾಗುತ್ತವೆ. ಯಾವ ಸಂಸ್ಥೆಗೆ ಗುತ್ತಿಗೆ ಸಿಕ್ಕಿತೆಂದು ತಿಳಿದು, ಅದರ ಸ್ವಂತ ಜಾಲತಾಣದ ಉದ್ಯೋಗ ಪುಟದಲ್ಲಿ ಅರ್ಜಿ ಹಾಕಿ. ಗುತ್ತಿಗೆ ಸಿಕ್ಕ ಹೊಸತರಲ್ಲಿ ಅವರಿಗೂ ಜನ ಬೇಕಿರುತ್ತದೆ.

ಲಾಂಛನ ಹಾಕಿದ ಆದೇಶಪತ್ರ ಕಳುಹಿಸಿ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಇದು ಹಳೆಯ ಮೋಸ. ಹೊಸದು ಇನ್ನೂ ಅಪಾಯಕಾರಿ: ‘ನಿಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ಇಡುತ್ತೇವೆ, ಕರೆಂಟು ಇಂಟರ್‌ನೆಟ್ ಕೊಟ್ಟರೆ ಸಾಕು, ತಿಂಗಳಿಗೆ ಬಾಡಿಗೆ’ ಎನ್ನುತ್ತಾರೆ. ಅದು ಹತ್ತಾರು ಸಿಮ್ ತುಂಬಿದ ಸಿಮ್ ಬಾಕ್ಸ್. ವಂಚಕರ ಕರೆಗಳೆಲ್ಲ ನಿಮ್ಮ ಮನೆಯಿಂದ ಹೋದಂತಾಗಿ ಪೊಲೀಸರು ಮೊದಲು ಬರುವುದು ನಿಮ್ಮಲ್ಲಿಗೆ. ‘ಸಂಬಳಕ್ಕೆಂದು’ ಬ್ಯಾಂಕ್ ಖಾತೆಯ ಎಟಿಎಂ ಕಾರ್ಡ್, ಸಿಮ್ ಕೇಳುವುದೂ ಇದೇ ಜಾತಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗುಟ್ಟು ಕಾಯುವುದು

ಕೆಲಸ ಸಿಕ್ಕ ಮೇಲೆ ನಿಜವಾದ ಕಷ್ಟ ಇಲ್ಲಿದೆ. ಆಧಾರ್ ಸಂಖ್ಯೆ, ಸರ್ವೆ ನಂಬರ್, ಕಾಯಿಲೆ, ಗಂಡ ಹೆಂಡಿರ ಜಗಳ ಎಲ್ಲವೂ ನಿಮ್ಮ ಕಿವಿಗೆ ಬೀಳುತ್ತವೆ. ಬೆಂಗಳೂರಿನ ಏಜೆಂಟರಿಗೆ ಅದು ಯಾರದೋ ಊರು. ನಿಮಗೆ ಪಕ್ಕದ ಹೋಬಳಿ. ದೂರು ನಿಮ್ಮದೇ ಪಂಚಾಯಿತಿಯ ಪಿಡಿಒ ಮೇಲಿರಬಹುದು, ಗ್ರಾಮ ಆಡಳಿತಾಧಿಕಾರಿ ನಿಮ್ಮ ನೆಂಟರೇ ಆಗಿರಬಹುದು. ದನಿಯಿಂದಲೇ ವ್ಯಕ್ತಿ ಗೊತ್ತಾದರೆ ಕರೆಯನ್ನು ಬೇರೆಯವರಿಗೆ ವರ್ಗಾಯಿಸುವ ಅವಕಾಶವಿದೆಯೇ ಎಂದು ತರಬೇತಿಯಲ್ಲೇ ಕೇಳಿ. ಅತ್ತೆಯವರು ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತ ಕರೆ ಕೇಳಿಸಿಕೊಳ್ಳುವುದೂ ಗುಟ್ಟು ಬಿಟ್ಟುಕೊಟ್ಟಂತೆಯೇ. ಮನೆಯವರಿಗೆ ಇದನ್ನು ಮೊದಲ ದಿನವೇ ತಿಳಿಸಿಹೇಳಿ, ಸ್ವಲ್ಪ ಬೇಸರವಾದರೂ ಸರಿ. ಮೇಜಿನ ಮೇಲೆ ಕಾಗದ, ಪೆನ್ನು, ಸ್ವಂತ ಮೊಬೈಲ್ ಬೇಡ. ಎದ್ದಾಗಲೆಲ್ಲ ಪರದೆಗೆ ಬೀಗ ಹಾಕಿ. ಒಟಿಪಿಯನ್ನು ಕರೆ ಮಾಡಿದವರೇ ಹೇಳಲು ಬಂದರೂ ತಡೆಯಿರಿ. ಪ್ರತಿ ಮಾತೂ ಧ್ವನಿಮುದ್ರಣವಾಗುತ್ತದೆ ಎಂಬುದು ನೆನಪಿರಲಿ, ಬೈದವರಿಗೆ ತಿರುಗಿ ಬೈಯಬೇಕೆನಿಸಿದಾಗ ವಿಶೇಷವಾಗಿ.

ಸಹಿ ಹಾಕುವ ಮುನ್ನ

ಸಂಬಳ ಗಂಟೆಗೋ ಕರೆಗೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ನಾಲ್ಕು ಗಂಟೆಯೆಂದರೆ 240 ನಿಮಿಷ. ಕರೆಗೆ ನಾಲ್ಕು ನಿಮಿಷ, ವಿವರ ತುಂಬಲು ಒಂದು ನಿಮಿಷ ಹಿಡಿದರೂ ಬಿಡುವಿಲ್ಲದೆ 48 ಕರೆ ಅಷ್ಟೆ. ಎಪ್ಪತ್ತು ಕರೆಯ ಗುರಿ ಕೊಟ್ಟವರು ಲೆಕ್ಕ ಮಾಡಿಲ್ಲ, ಇಲ್ಲವೇ ನಿಮ್ಮ ಲೆಕ್ಕ ಕೆಡಿಸುತ್ತಿದ್ದಾರೆ. ಕರೆಂಟು ಹೋದ ಗಂಟೆಗೆ ಸಂಬಳ ಕಡಿತವೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಸಂಬಳದ ಚೀಟಿಯಲ್ಲಿ ಭವಿಷ್ಯ ನಿಧಿಗೆ (ಪಿಎಫ್) ಶೇ 12, ಇಎಸ್‌ಐ ಆರೋಗ್ಯ ವಿಮೆಗೆ ಶೇ 0.75 ಕಡಿತ ತೋರಿಸಿದ್ದರೆ ಭವಿಷ್ಯ ನಿಧಿಯ ಹಣ ನಿಜವಾಗಿ ಜಮೆಯಾಗಿದೆಯೇ ಎಂದು ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ.

ಟೆಂಡರ್ ಅವಧಿ ಯಾವ ತಿಂಗಳು ಮುಗಿಯುತ್ತದೆಂದು ಸೇರುವಾಗಲೇ ಕೇಳಿಟ್ಟುಕೊಳ್ಳಿ. ಹೊಸ ಸಂಸ್ಥೆ ಬಂದರೆ ಹಳೆಯ ಏಜೆಂಟರನ್ನು ಮುಂದುವರಿಸಲೇಬೇಕೆಂದೇನೂ ಇಲ್ಲ. ಹಳೆಯ ಸಂಸ್ಥೆ ಗಂಟುಮೂಟೆ ಕಟ್ಟುವ ಮೊದಲೇ ಅನುಭವ ಪತ್ರ ಕೈಗೆ ಬಂದಿರಬೇಕು.