ಹರವಿಯ ಹೆಗಲು

ಮಡಕೆಯ ಮೇಲೆ ಬಳ್ಳಿ ಕೆತ್ತಿದರೆ ಅದು ಕಲೆ, ಕೆತ್ತದಿದ್ದರೆ ಬರೀ ನೀರಿನ ಗಡಿಗೆ. ಈ ಮಾತನ್ನು ಬೆಳಗಾವಿಯ ಪ್ರದರ್ಶನಗಳಲ್ಲಿ ಕೇಳಿದ್ದೇನೆ, ಗೋವಾದಿಂದ ಮಾಲು ಹುಡುಕಿಕೊಂಡು ಬರುವ ಹೋಟೆಲಿನವರ ಬಾಯಲ್ಲಿ ಕೇಳಿದ್ದೇನೆ, ಕುಂಬಾರರ ಮನೆಯ ಹುಡುಗರೂ ಈಗೀಗ ಹೀಗೇ ಅನ್ನುತ್ತಾರೆ. ಚಿತ್ರಕಲೆ ಓದಿ, ಆಮೇಲೆ ತಿಗರಿಗೆ, ಕುಂಬಾರರ ಚಕ್ರಕ್ಕೆ, ಕೂತವಳು ನಾನು. ನನ್ನ ಕೈ ಬೇರೆಯೇ ಹೇಳುತ್ತದೆ. ಹರವಿ, ಅಂದರೆ ನೀರು ಹೊರುವ ಮಣ್ಣಿನ ಕೊಡ, ಮಾಡಿದವರ ಮನಸ್ಸು ನನಗೆ ಕಾಣುವುದು ಅದರ ಹೆಗಲಲ್ಲಿ, ಹೊಟ್ಟೆ ಮುಗಿದು ಕೊರಳು ಶುರುವಾಗುವ ನಾಲ್ಕು ಬೆರಳಗಲದ ಜಾಗದಲ್ಲಿ. ಆ ಜಾಗವನ್ನು ನನ್ನದು ಅನ್ನಿಸಿಕೊಳ್ಳಲು ನಾನು ಮಾಡಿದ ಕೆಲಸವೆಲ್ಲ ಮಣ್ಣು, ನೀರು, ಪೆಟ್ಟು, ಬೆಂಕಿಯ ಲೆಕ್ಕದ್ದು.

ಮೊದಲು ಮಣ್ಣು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮಗ್ಗುಲಲ್ಲೇ ಹರಿಯುತ್ತಾಳೆ. ಹಂಚು, ಇಟ್ಟಿಗೆ, ಗಡಿಗೆಗೆ ಖಾನಾಪುರ ಹೆಸರುವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಇಲ್ಲೇ. ಇಲ್ಲಿಯ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದೆ, ಅದಕ್ಕೇ ಸುಟ್ಟ ಮೇಲೆ ಕೆಂಪು. ಇದೇ ನದಿ ಸವದತ್ತಿ ದಾಟಿ ಬಾದಾಮಿಯ ಕಡೆ ಹೊರಟರೆ ದಾರಿಯುದ್ದಕ್ಕೂ ಎರೆ, ಅಂದರೆ ಕಪ್ಪು ಮಣ್ಣಿನ, ಹೊಲಗಳು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ವಿಜಯಪುರದ ಹೊಲಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದನ್ನೊಂದನ್ನೇ ನಾದಿ ಗಡಿಗೆ ಎತ್ತಿದರೆ ನೆರಳಲ್ಲಿ ಒಣಗುವಾಗಲೇ ಸೀಳುತ್ತದೆ, ಉಸುಕು ಬೂದಿ ಬೆರೆಸಿ ಅದರ ಸಿಟ್ಟು ಇಳಿಸಬೇಕು. ನಾನು ಕಲಿಯಲು ಹೋದ ಮನೆಯ ಕಾಕಾ ಮಣ್ಣನ್ನು ಪರೀಕ್ಷೆ ಮಾಡುತ್ತಿದ್ದುದು ಬೆರಳಿಗೆ ಸುತ್ತಿ. ಹೊಸೆದು ಬತ್ತಿ ಮಾಡಿ ತೋರುಬೆರಳಿಗೆ ಉಂಗುರದ ಹಾಗೆ ಸುತ್ತುವುದು. ಹೊರಮೈ ಬಿರಿದರೆ ಇನ್ನೂ ತುಳಿಯಬೇಕು, ಇಲ್ಲವೇ ಮಣ್ಣೇ ಬದಲಾಗಬೇಕು. ಆಮೇಲೆ ಒಂದು ಚಿಟಿಕೆ ಹಲ್ಲಿನ ನಡುವೆ ಇಟ್ಟು ಕಡಿದು ನೋಡುವರು. ಉಸುಕು ಎಷ್ಟು ಒರಟು ಅನ್ನುವುದು ಹಲ್ಲಿಗೆ ಗೊತ್ತಾಗುವಷ್ಟು ಬೆರಳಿಗೆ ಗೊತ್ತಾಗುವುದಿಲ್ಲ.

ಆ ಮನೆಯಲ್ಲಿ ಹೆಣ್ಣುಮಕ್ಕಳು ಮಣ್ಣು ಹದ ಮಾಡುವರು, ತಿಕ್ಕಿ ಹೊಳಪು ಕೊಡುವರು, ಮಡಕೆ ಸುಡುವ ಆವಿಗೆ ಜೋಡಿಸುವರು. ತಿಗರಿಗೆ ಕೂಡುವ ರೂಢಿ ಇರಲಿಲ್ಲ. ನಾನು ತುಳಿದ ಮಣ್ಣನ್ನು ಒಂದು ದಿನ ಕೈಯಲ್ಲಿ ಹಿಡಿದು ನೋಡಿದ ಕಾಕಾ, "ಕೂಡ್ರವಾ, ನೋಡೂಣು" ಅಂದರು. ಅಷ್ಟೇ.

ಹರವಿಯ ವಿಷಯದಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿ ಇದೆ. ಅದರ ಕೊರಳೂ ಬಾಯಿಯೂ ಮೊದಲು ತಯಾರಾಗುತ್ತವೆ, ಹೊಟ್ಟೆ ಆಮೇಲೆ. ತಿಗರಿಯಿಂದ ಕೆಳಗಿಳಿಯುವ ಹರವಿ ಗಿಡ್ಡ, ದಪ್ಪ, ತಳವಿಲ್ಲದ್ದು. ಬಾಯಿ ಮಾತ್ರ ಪೂರ್ತಿ ಮುಗಿದಿರುತ್ತದೆ, ಇನ್ನು ಅದನ್ನು ಮುಟ್ಟುವಂತಿಲ್ಲ. ಕೋಲಿನಿಂದ ತಿರುಗಿಸುವ ತಿಗರಿಗೆ ಅದರದೇ ಒಂದು ಲಯ. ಕೋಲು ಹಾಕಿದಾಗ ಜೋರು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಜೋರಿದ್ದಾಗ ಮಣ್ಣನ್ನು ನಡುವಿಗೆ ತಂದು ಮೇಲೆತ್ತಬೇಕು, ಇಳಿಯುವಾಗ ಬಾಯಿಯ ಅಂಚು ಮಡಚಬೇಕು. ಕರೆಂಟಿನ ತಿಗರಿಗೆ ಈ ಇಳಿತ ಇಲ್ಲ. 2018ರಲ್ಲಿ ಶುರುವಾದ ಗ್ರಾಮೋದ್ಯೋಗ ಆಯೋಗದ ಕುಂಬಾರ ಸಶಕ್ತೀಕರಣ ಯೋಜನೆಯಿಂದ ಕರೆಂಟಿನ ತಿಗರಿಗಳು ಬಹಳ ಕುಂಬಾರರ ಕೈಸೇರಿದವು, ಬೆನ್ನು ರಟ್ಟೆಗಳ ನೋವು ಕಡಿಮೆಯಾಯಿತು. ಅದು ದೊಡ್ಡ ಉಪಕಾರ. ನನ್ನ ಹತ್ತಿರವೂ ಒಂದಿದೆ. ಹಣತೆಗೆ, ಬಟ್ಟಲಿಗೆ ಅದನ್ನೇ ಹಿಡಿಯುತ್ತೇನೆ. ಹರವಿಯ ಬಾಯಿಗೆ ಮಾತ್ರ ಕೋಲಿನ ತಿಗರಿಯೇ ಬೇಕು. ವೇಗ ಇಳಿಯುತ್ತ ಬಂದಂತೆ ಬೆರಳು ಇನ್ನೇನು ಬಿಡಬೇಕು ಅನ್ನುವ ಹೊತ್ತಿಗೆ ಅಂಚಿನಲ್ಲಿ ಬೀಳುವ ಆ ಸಣ್ಣ ಬಾಗು ಒಂದೇ ವೇಗದಲ್ಲಿ ನನಗೆ ಸಿಕ್ಕಿಲ್ಲ.

ಅಂದರೆ ಕೊರಳು ಮಾಡುವ ಹೊತ್ತಿಗೆ ಇನ್ನೂ ಇಲ್ಲದ ಹೊಟ್ಟೆಯನ್ನು ಕಣ್ಣಲ್ಲಿ ಇಟ್ಟುಕೊಂಡಿರಬೇಕು. ಚಿತ್ರಕಲೆ ಓದುವಾಗ ಇದನ್ನು ನನಗೆ ಯಾರೂ ಹೀಗೆ ಕೇಳಿರಲಿಲ್ಲ. ಕಾಗದದಲ್ಲಿ ಗೆರೆ ಎಳೆದ ಕೂಡಲೇ ಕಾಣುತ್ತದೆ, ಸರಿಯಿಲ್ಲದಿದ್ದರೆ ಪಕ್ಕದಲ್ಲಿ ಇನ್ನೊಂದು ಎಳೆಯಬಹುದು. ಇಲ್ಲಿ ಬಾಯಿಯ ಅಗಲ ಇಂದು ನಿರ್ಧಾರವಾದರೆ ಅದಕ್ಕೆ ತಕ್ಕ ಹೊಟ್ಟೆ ಬರುವುದು ನಾಳೆ, ನಾಡಿದ್ದು. ಅದೂ ಬೇರೆಯದೇ ಕೈಕೆಲಸದಿಂದ.

ಆ ಕೈಕೆಲಸ ಬಡಿಯುವುದು. ಮುಟ್ಟಿದರೆ ಬೆರಳಿಗೆ ಅಂಟದಷ್ಟು, ಒತ್ತಿದರೆ ಬಗ್ಗುವಷ್ಟು ಹದಕ್ಕೆ ಒಣಗಿದ ಮೇಲೆ ಮಡಿಲಲ್ಲಿ ಇಟ್ಟುಕೊಂಡು ಒಳಗಿನಿಂದ ಎಡಗೈಯಲ್ಲಿ ದುಂಡು ಕಲ್ಲು ಹಿಡಿದು, ಹೊರಗಿನಿಂದ ಬಲಗೈಯ ಮರದ ಹಲಗೆಯಿಂದ ಬಡಿಯಬೇಕು. ಕಲ್ಲು ಮಣ್ಣಿಗೆ ಅಂಟದಂತೆ ಆಗಾಗ ಬೂದಿಯಲ್ಲಿ ಅದ್ದಬೇಕು. ಪೆಟ್ಟು ಬಿದ್ದಲ್ಲಿ ಗೋಡೆ ತೆಳುವಾಗುತ್ತದೆ, ತೆಳುವಾದಷ್ಟೂ ಹೊಟ್ಟೆ ಹಿಗ್ಗುತ್ತದೆ, ತೆರೆದ ತಳ ಸುತ್ತಲಿಂದ ಕೂಡುತ್ತ ಬಂದು ಕೊನೆಗೆ ಮುಚ್ಚಿಕೊಳ್ಳುತ್ತದೆ. ಕಲ್ಲೂ ಹಲಗೆಯೂ ಒಂದಕ್ಕೊಂದು ಎದುರಾಗಿಯೇ ಬೀಳಬೇಕು, ಒಳಗಿನ ಕೈ ಕಣ್ಣಿಗೆ ಕಾಣುವುದಿಲ್ಲ. ಗೋಡೆ ಎಷ್ಟು ದಪ್ಪ ಉಳಿದಿದೆ ಅನ್ನುವುದನ್ನು ಕಿವಿಯೇ ಹೇಳಬೇಕು. ದಪ್ಪ ಇದ್ದಾಗ ಸಪ್ಪೆ ಸದ್ದು, ತೆಳುವಾದಂತೆ ಸದ್ದಿಗೆ ಬಿಗಿ ಬರುತ್ತದೆ, ಎಲ್ಲಿಯಾದರೂ ದಪ್ಪ ಉಳಿದಿದ್ದರೆ ಆ ಜಾಗ ಬಂದಾಗ ಮತ್ತೆ ಸಪ್ಪೆಯಾಗುತ್ತದೆ. ಭಾಲ್ಕಿಯ ಶರಣ ಕುಂಬಾರ ಗುಂಡಯ್ಯನವರು ಮಡಕೆಯ ಮೇಲೆ ತಾಳ ಹಾಕಿದಾಗ ಶಿವನೇ ಕುಣಿದ ಅನ್ನುವ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಬಡಿಯಲು ಕಲಿತ ಮೇಲೆ ಆ ಕಥೆಯಲ್ಲಿ ನನಗೆ ಭಕ್ತಿಯ ಜೊತೆಗೆ ಕಸುಬೂ ಕೇಳಿಸುತ್ತದೆ. ದಿನವಿಡೀ ಗೋಡೆಯ ಸದ್ದನ್ನು ಆಲಿಸುವ ಮನುಷ್ಯನ ಬೆರಳು ತಾಳಕ್ಕೆ ತಿರುಗುವುದು ಸಹಜ.

ಹೊಟ್ಟೆ ಹಿಗ್ಗುತ್ತ ಮೇಲೆ ಬಂದು ಕೊರಳನ್ನು ಸೇರುವ ಜಾಗವೇ ಹೆಗಲು. ಅಲ್ಲಿ ಮಣ್ಣು ನಮಗೆ ವಿಧಿಸುವ ಕಟ್ಟಳೆಗಳು ಬಹಳ. ಕೊರಳು ಮೊದಲೇ ಒಣಗಿರುತ್ತದೆ, ಹೊಟ್ಟೆ ಇನ್ನೂ ಹಸಿ. ಎರಡೂ ಕುಗ್ಗುವ ಪ್ರಮಾಣ ಬೇರೆಯಾದರೆ ಬಿರುಕು ಬೀಳುವುದು ಅಲ್ಲೇ. ಅದಕ್ಕೇ ಕೊರಳಿಗೆ ಒದ್ದೆ ಅರಿವೆ ಸುತ್ತಿಡುತ್ತೇವೆ. ಹೆಗಲನ್ನು ತೀರಾ ಚಪ್ಪಟೆ ಮಾಡಿದರೆ ಕೊರಳಿನ ಭಾರಕ್ಕೆ ಕುಸಿಯುತ್ತದೆ, ತೀರಾ ಇಳಿಜಾರು ಮಾಡಿದರೆ ಹಿಡಿಯುವಷ್ಟು ನೀರು ಹಿಡಿಯುವುದಿಲ್ಲ. ನಡುವಿನ ಮೇಲೆ ಹರವಿ ಹೊರುವ ಹೆಣ್ಣುಮಗಳ ತೋಳು ಕೊರಳನ್ನು ಬಳಸಿ ಹಿಡಿಯಬೇಕು, ಅವಳ ಮೊಣಕೈಗೆ ಹೆಗಲು ಚುಚ್ಚಬಾರದು. ಇಷ್ಟೆಲ್ಲ ಕಟ್ಟಳೆ ಮೀರದೆ ಉಳಿಯುವ ಜಾಗ ಬಹಳ ಕಿರಿದು, ಆದರೆ ಅದರಲ್ಲಿ ಸರಿಯಾದ ಹೆಗಲು ಒಂದೇ ಅಲ್ಲ. ಕಾಕಾನ ಹರವಿಯ ಹೆಗಲು ತಡವಾಗಿ ತಿರುಗುತ್ತದೆ, ಹೊಟ್ಟೆ ತುಂಬಿಕೊಂಡು ಮೇಲೆ ಬಂದು ಆಮೇಲೆ ಒಮ್ಮೆಲೇ ಒಳಗೆ ಬಾಗುತ್ತದೆ. ಅದೇ ಓಣಿಯ ಅವರ ತಮ್ಮನದು ಕೊರಳಿನಿಂದಲೇ ಮೆತ್ತಗೆ ಇಳಿಯುವ ಹೆಗಲು. ಒಂದೇ ಮಣ್ಣು, ಒಂದೇ ಆವಿಗೆ, ಒಬ್ಬರೇ ತಂದೆಯಿಂದ ಕಲಿತ ಕೈ. ಸಂತೆಯಲ್ಲಿ ರಾಶಿ ಹಾಕಿದಾಗ ಇನ್ನೊಬ್ಬ ಕುಂಬಾರ ದೂರದಿಂದಲೇ ಯಾರದು ಅಂತ ಹೇಳುತ್ತಾನೆ. ಹೆಸರಿಲ್ಲ, ಗುರುತಿಲ್ಲ, ಬಳ್ಳಿ ಇಲ್ಲ.

ನನ್ನ ಹೆಗಲು ಯಾವುದು ಅಂತ ಹುಡುಕಲು ಹೊರಟಾಗ ನನಗೆ ಬೇಕಾಗಿದ್ದದ್ದು ಹಲಗೆಯ ಪೆಟ್ಟುಗಳು ಅಲ್ಲೇ ಕಾಣಬೇಕು ಅನ್ನುವುದು. ರೂಢಿಯಲ್ಲಿ ಅವನ್ನೆಲ್ಲ ಒರೆಸಿ ನುಣುಪು ಮಾಡುತ್ತಾರೆ. ಹೊಟ್ಟೆ ನುಣುಪಾಗಿ ಹೊಳೆಯಬೇಕು, ಹೆಗಲ ಸುತ್ತ ಪೆಟ್ಟಿನ ಸಣ್ಣ ಸಣ್ಣ ಚಪ್ಪಟೆ ಮುಖಗಳು ಉಳಿಯಬೇಕು, ಬೆಳಕು ಒಂದೊಂದರ ಮೇಲೂ ಬೇರೆ ಬೇರೆಯಾಗಿ ಬೀಳಬೇಕು. ಬಯಕೆ ಇಷ್ಟೇ. ಅದನ್ನು ಮಾಡಲು ಬೇಕಾದದ್ದು ಬಹಳ. ಪೆಟ್ಟು ಉಳಿಯಬೇಕೆಂದರೆ ಕೊನೆಯ ಬಡಿತ ಒಂದೇ ಸುತ್ತು ಆಗಬೇಕು, ಒಂದು ಪೆಟ್ಟಿನ ಮೇಲೆ ಇನ್ನೊಂದು ಬಿದ್ದರೆ ಮೊದಲಿನದು ಅಳಿಸಿತು. ಒಂದೇ ಸುತ್ತು ಅಂದರೆ ಆ ಹೊತ್ತಿಗೆ ಗೋಡೆ ಮುಗಿಯುವ ದಪ್ಪಕ್ಕೆ ಬಂದಿರಬೇಕು, ಇನ್ನು ತೆಳು ಮಾಡಲು ಅವಕಾಶವಿಲ್ಲ. ಮಣ್ಣು ಎಂದಿಗಿಂತ ತುಸು ಹೆಚ್ಚು ಒಣಗಿರಬೇಕು, ಇಲ್ಲದಿದ್ದರೆ ಪೆಟ್ಟಿನ ಅಂಚು ಮೊಂಡಾಗುತ್ತದೆ. ಹೆಚ್ಚು ಒಣಗಿದರೆ ಪೆಟ್ಟಿಗೇ ಬಿರಿಯುತ್ತದೆ. ಆ ಹದ ಮಳೆಗಾಲದಲ್ಲಿ ಬರಲು ದಿನಗಟ್ಟಲೆ ಬೇಕು, ಚೈತ್ರದ ಬಿಸಿಲಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಬಂದು ಹೋಗಿರುತ್ತದೆ. ಕೊರಳ ಸುತ್ತ ಪೆಟ್ಟುಗಳು ಸರಿಯಾಗಿ ಸುತ್ತಿ ಬರಬೇಕು, ಕೊನೆಯದು ಮೊದಲಿನದರ ಪಕ್ಕಕ್ಕೇ ಬೀಳಬೇಕು. ಇದನ್ನು ಎಣಿಸಿ ಮಾಡಲಾಗುವುದಿಲ್ಲ, ತೊಡೆಯ ಮೇಲೆ ಹರವಿ ತಿರುಗುವ ವೇಗವೂ ಹಲಗೆಯ ವೇಗವೂ ಹೊಂದಿಕೊಂಡರೆ ತಾನೇ ಬರುತ್ತದೆ.

ಮನಸ್ಸಿಗೆ ಬಂದಂತಹ ಹೆಗಲನ್ನು ಕಾಕಾನ ಮುಂದೆ ಇಟ್ಟಾಗ ಅವರು ಹೆಬ್ಬೆರಳು ಎಳೆದು ನೋಡಿ, "ಪೆಟ್ಟು ಕಾಣ್ಲಿ ಬಿಡವಾ. ಆದ್ರ ಗಡಿಗಿ ಹೊಡತಾ ತಿಂದಂಗ ಕಾಣಬಾರ್ದು" ಅಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆ ನನ್ನ ಕೆಲಸಕ್ಕೆ ಇನ್ನೂ ಸಿಕ್ಕಿಲ್ಲ. ಅಂದಿನಿಂದ ಹಲಗೆಯ ಅಂಚುಗಳನ್ನು ಉಜ್ಜಿ ದುಂಡು ಮಾಡಿಕೊಂಡಿದ್ದೇನೆ.

ಹೊಳಪು ಕಾಕಾನ ಹೆಂಡತಿ ಕಾಕುವಿನಿಂದ ಕಲಿತದ್ದು. ಜಾಜು, ಅಂದರೆ ಕೆಮ್ಮಣ್ಣು, ಕದಡಿ ಬಳಿದು, ಅದು ಪೂರ್ತಿ ಆರುವ ಮೊದಲೇ ಹೊಳೆಯ ನುಣುಪು ಕಲ್ಲಿನಿಂದ ತಿಕ್ಕುವುದು. ಜೇಡಿಯ ಕಣಗಳು ಚಪ್ಪಟೆ. ತಿಕ್ಕಿದಾಗ ಅವೆಲ್ಲ ಒಂದೇ ಕಡೆಗೆ ಮಲಗಿ ಬೆಳಕನ್ನು ಹಿಂದಕ್ಕೆ ಕೊಡುತ್ತವೆ. ಸುಮಾರು 1000 ಡಿಗ್ರಿ ದಾಟಿದರೆ ಆ ಹೊಳಪು ಮಂಕಾಗುತ್ತದೆ, ನಮ್ಮ ಕುಳ್ಳು ಕಟ್ಟಿಗೆಯ ಆವಿಗೆ ಅಷ್ಟು ಏರುವುದಿಲ್ಲವಾದ್ದರಿಂದ ಉಳಿಯುತ್ತದೆ. ಗಾಜಿನಂಥ ಲೇಪನ ಇಲ್ಲದೆಯೂ ಹೊಳೆಯುವ ಮೈ, ಒಳಗಿನ ನೀರು ಜಿನುಗಿ ಆರಿ ತಂಪಾಗುವಷ್ಟು ರಂಧ್ರ, ಎರಡೂ ಒಟ್ಟಿಗೆ ಇರುವುದು ಈ ಕಡಿಮೆ ಶಾಖದಿಂದಲೇ.

ಬೆಂಕಿಯನ್ನು ನಾನು ಬೇರೆಯಾಗಿ ನೋಡಲು ಶುರುಮಾಡಿದ್ದು ಐಹೊಳೆಯಲ್ಲಿ. ಮೇಗುತಿ ಗುಡ್ಡದ ಮೇಲೆ, ದೇವಾಲಯದ ಹಿಂದೆ, ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಆ ಜನರ ಮಡಕೆಗಳನ್ನು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರ ಉತ್ಖನನ ಬೆಳಕಿಗೆ ತಂದಿತ್ತು. ಹೊರಮೈ ಕೆಂಪು, ಒಳಮೈಯೂ ಬಾಯಿಯ ಸುತ್ತಲೂ ಕಪ್ಪು. ಬಣ್ಣ ಬಳಿದದ್ದಲ್ಲ. ಮಡಕೆಯನ್ನು ಬೋರಲು ಹಾಕಿ ಬಾಯಿಯನ್ನು ಹೊಟ್ಟು ಬೂದಿಯಲ್ಲಿ ಹೂತು ಸುಟ್ಟರೆ ಗಾಳಿ ತಾಕಿದ ಕಡೆ ಕಬ್ಬಿಣ ಕೆಂಪಾಗುತ್ತದೆ, ಗಾಳಿ ತಾಕದ ಕಡೆ ಹೊಗೆಯ ಇಂಗಾಲ ಮಣ್ಣಿನೊಳಗೆ ಇಳಿದು ಕಪ್ಪಾಗುತ್ತದೆ. ಎರಡು ಬಣ್ಣ ಕೂಡುವ ಗೆರೆ ಎಲ್ಲಿ ಬರಬೇಕು ಅನ್ನುವುದು ಎಷ್ಟು ಆಳಕ್ಕೆ ಹೂತೆ ಅನ್ನುವುದರ ಮೇಲೆ. ನನ್ನ ಹರವಿಗಳನ್ನು ನಾನು ಹೆಗಲವರೆಗೆ ಹೂಳುತ್ತೇನೆ. ಕಪ್ಪು ಕೊರಳು, ಕೆಂಪು ಹೊಟ್ಟೆ, ನಡುವೆ ಪೆಟ್ಟಿನ ಮುಖಗಳ ಮೇಲೆ ಏರಿಳಿಯುವ ಕಂದು ಗೆರೆ. ಬೂದಿಯನ್ನು ಒತ್ತಿ ತುಂಬಿದರೆ ಗೆರೆ ಚೂಪು, ಸಡಿಲ ಬಿಟ್ಟರೆ ಮಸುಕು. ಅಲ್ಲಿ ಕುಂಚದ ಕೆಲಸವನ್ನು ಬೂದಿ ಮಾಡುತ್ತದೆ. ಶಾಖ ಮಾತ್ರ ಅವಸರದಲ್ಲಿ ಏರಬಾರದು. ಮೊದಲು ಮಣ್ಣಿನಲ್ಲಿ ಉಳಿದ ನೀರು ಹೋಗಬೇಕು, 573 ಡಿಗ್ರಿಯಲ್ಲಿ ಉಸುಕಿನ ಹರಳು ತಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಹೆಗಲಲ್ಲಿ ದಪ್ಪ ಸಮ ಇಲ್ಲದ ಹರವಿ ಆ ಹೊತ್ತಿಗೆ ತನ್ನ ಒಳಗನ್ನು ತೋರಿಸಿಬಿಡುತ್ತದೆ.

ಕಲೆ ಇರುವುದು ಇಂಥ ಕಸುಬಿನಲ್ಲೇ ಆದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆಗೆಂದು ಮಾಡುವ ಮಣ್ಣಿನ ಎತ್ತುಗಳ ಗತಿ ಏನು ಅಂತ ಒಬ್ಬ ಗೆಳತಿ ಕೇಳಿದ್ದಳು. ತಿಗರಿ ಇಲ್ಲ, ಆವಿಗೆ ಇಲ್ಲ, ಹಸಿಮಣ್ಣು ಚಿವುಟಿ ಮಾಡಿದ್ದು. ಆದರೂ ಎಷ್ಟು ಜೀವ! ಸರಿಯಾದ ಪ್ರಶ್ನೆ. ಕಾಕು ಎತ್ತು ಮಾಡುವಾಗ ಹತ್ತಿರ ಕೂತು ನೋಡಿದ್ದೇನೆ. ಮುದ್ದೆಯನ್ನು ಒತ್ತಿ ಮೈ, ಎರಡು ಬೆರಳಲ್ಲಿ ಎಳೆದು ಭುಜದ ಡುಬ್ಬ, ಹೆಬ್ಬೆರಳ ಉಗುರಿನಿಂದ ಗಂಗೆದೊಗಲಿನ ಗೆರೆ. ಕೋಡು ಕೊನೆಗೆ, ಮೈ ಸ್ವಲ್ಪ ಬಿಗಿದ ಮೇಲೆ, ಇಲ್ಲದಿದ್ದರೆ ಜೋಲುತ್ತವೆ. ಕಣ್ಣಿನ ಜಾಗಕ್ಕೆ ಗುಲಗಂಜಿ ಒತ್ತಿದರೂ ನಡೆದೀತು, ಬಿಟ್ಟರೂ ನಡೆದೀತು. ಡುಬ್ಬ ಮಾತ್ರ ತಪ್ಪುವಂತಿಲ್ಲ. ಇದಕ್ಕೆ ಕೈಚಳಕ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಪಕ್ಕದಲ್ಲಿ ಕೂತ ಮೊಮ್ಮಗ ಮಾಡಿದ ಎತ್ತಿನಲ್ಲೂ ಜೀವ ಇರುತ್ತದೆ, ಒಪ್ಪುತ್ತೇನೆ. ಆದರೆ ಜೋಡಿ ಬೇಕಲ್ಲ, ಎರಡನೆಯ ಎತ್ತು ಮೊದಲಿನದರ ಸರಿಜೋಡಿ ಆಗಬೇಕಲ್ಲ. ಅಲ್ಲಿ ಮಗು ಅಜ್ಜಿಯ ಕೈ ಹಿಡಿಯುತ್ತದೆ.

ನನ್ನ ಹತ್ತಿರ ಕಲಿಯಲು ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಡಿಸೈನ್ ಯಾವಾಗ ಹೇಳಿಕೊಡುತ್ತೀರಿ ಅಂತ. ಅವರು ಎತ್ತಿದ ಗಡಿಗೆಯನ್ನು ಹಸಿ ಇದ್ದಾಗಲೇ ದಾರ ಹಿಡಿದು ಬಾಯಿಯಿಂದ ತಳದವರೆಗೆ ಎರಡು ಹೋಳು ಮಾಡುತ್ತೇನೆ, ಗೋಡೆಯನ್ನು ನೋಡಿ ಅನ್ನುತ್ತೇನೆ. ಎಲ್ಲಿ ಕೈ ಅಂಜಿತು, ಎಲ್ಲಿ ಅವಸರ ಮಾಡಿತು, ಎಲ್ಲ ಅಲ್ಲಿದೆ. ಆಮೇಲೆ ಹೆಗಲು ಯಾಕೆ ಹೀಗೆ ಬಂತು ಅಂತ ಕೇಳುತ್ತೇನೆ. "ತಾನೇ ಹಾಗೆ ಬಂತು" ಅನ್ನುವವರೆಗೆ ತಿಗರಿಯ ಕೆಲಸ ನಡೆಯುತ್ತದೆ. "ಹೀಗೂ ಬರುತ್ತಿತ್ತು, ನಾನು ಹೀಗೆ ಮಾಡಿದೆ" ಅನ್ನುವ ದಿನ ಡಿಸೈನ್ ಶುರುವಾಯಿತು ಅಂತ ಅವರಿಗೆ ಹೇಳುತ್ತೇನೆ.

ಈಗ ಕೈಯಲ್ಲಿರುವುದು ರಂಜಣಗಿ, ದೊಡ್ಡ ನೀರಿನ ಪಾತ್ರೆ. ಅದರ ತಳದವರೆಗೆ ನನ್ನ ತೋಳು ಮುಟ್ಟುವುದಿಲ್ಲ, ಒಬ್ಬಳಿಂದ ಬಡಿಯಲಾಗುವುದಿಲ್ಲ. ಕಾಕಾನ ಮಗ ಒಳಗೆ ಕಲ್ಲು ಹಿಡಿಯುತ್ತಾನೆ, ಹೊರಗೆ ನಾನು ಹಲಗೆ ಹಿಡಿಯುತ್ತೇನೆ. ಹೆಗಲು ಎಲ್ಲಿ ತಿರುಗಬೇಕು ಅನ್ನುವುದರಲ್ಲಿ ನಮ್ಮಿಬ್ಬರಿಗೆ ಇನ್ನೂ ಹೊಂದಿಲ್ಲ. ಅವನು ತಂದೆಯ ಹಾಗೆ ತಡವಾಗಿ ಅನ್ನುತ್ತಾನೆ, ನನಗೆ ತುಸು ಮೊದಲೇ ಬೇಕು. ಮಳೆ ಶುರುವಾಗುವ ಮೊದಲು ಎರಡೂ ತರಹ ಮಾಡಿ ಒಂದೇ ಆವಿಗೆಯಲ್ಲಿ ಹಾಕುವುದು ಅಂತ ತೀರ್ಮಾನವಾಗಿದೆ.