ಆ ಸರ್ವಿಸ್ ಯಾರ ಹೆಸರಿನಲ್ಲಿ ಓಡುತ್ತಿದೆ?

ಪುಣೆಯ ಚಾಕಣದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ತಪಾಸಣೆ ಯಂತ್ರಗಳು ಬರೆದಿಡುವ ಅಳತೆಯ ಕಡತಗಳನ್ನು ಓದಿ, ಹತ್ತು ನಿಮಿಷಕ್ಕೊಮ್ಮೆ ಫೈಲ್ ಸರ್ವರ್‌ಗೆ ಸಾಗಿಸಲು ಒಂದು ವಿಂಡೋಸ್ ಸರ್ವಿಸ್ (ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಬರೆದೆ. ನನ್ನ ಲಾಗಿನ್‌ನಲ್ಲಿ ಓಡಿಸಿದಾಗ ಎಲ್ಲವೂ ಸರಿಯಿತ್ತು. ಸರ್ವಿಸ್ ಆಗಿ ಕೂರಿಸಿದ ಕೂಡಲೇ, ಫೈಲ್ ಸರ್ವರ್‌ಗೆ ಜೋಡಿಸಿದ್ದ ಝಡ್ ಡ್ರೈವ್ ಸಿಗದಾಯಿತು. ಆ ಜೋಡಣೆ ನನ್ನ ಲಾಗಿನ್‌ಗೆ ಸೇರಿದ್ದು, ಸರ್ವಿಸ್‌ಗೆ ಕಾಣುವುದಿಲ್ಲ. ಫೈಲ್ ಸರ್ವರ್‌ನ ಪೂರ್ತಿ ವಿಳಾಸ ಕೊಟ್ಟೆ. ಈಗ ಅನುಮತಿ ಇಲ್ಲವೆಂಬ ದೋಷ.

ಸರ್ವಿಸ್ ಓಡುತ್ತಿದ್ದದ್ದು ಲೋಕಲ್ ಸಿಸ್ಟಮ್ ಎಂಬ ವಿಂಡೋಸ್‌ನದೇ ಖಾತೆಯಲ್ಲಿ. ತಾನಿರುವ ಯಂತ್ರದಲ್ಲಿ ಅದಕ್ಕೆ ಬಹುತೇಕ ತಡೆಯೇ ಇಲ್ಲ. ನೆಟ್‌ವರ್ಕ್‌ಗೆ ಹೋದರೆ ಮಾತ್ರ ಅದು ಆ ಕಂಪ್ಯೂಟರ್‌ನ ಖಾತೆಯಾಗಿ ಗುರುತಿಸಿಕೊಳ್ಳುತ್ತದೆ. ಆ ಖಾತೆಗೇ ಅನುಮತಿ ಕೊಟ್ಟು ಕೈತೊಳೆದುಕೊಳ್ಳೋಣ ಎಂದುಕೊಂಡೆ. ಬೆಳಗಾವಿಯ ಹಿರಿಯ ಸಹೋದ್ಯೋಗಿ ತಡೆದರು: “ಹೊರಗಿನಿಂದ ಬಂದ ಕಡತ ಓದುವ ಪ್ರೋಗ್ರಾಂ ಅದು. ಒಂದು ಕೆಟ್ಟ ಕಡತ ಅದನ್ನು ದಾರಿ ತಪ್ಪಿಸಿದರೆ ಇಡೀ ಸರ್ವರ್ ಹೋಗುತ್ತದಲ್ಲ ರೀ?” ಅವರ ಮಾತು ಸರಿ. ಕಡತ ಸಾಗಿಸುವವನಿಗೆ ಮನೆಯ ಬೀಗದ ಕೈಗೊಂಚಲು ಬೇಕಿಲ್ಲ.

ವಿಂಡೋಸ್‌ನಲ್ಲಿ ಇಂಥ ಇನ್ನೆರಡು ಖಾತೆಗಳಿವೆ. ಲೋಕಲ್ ಸರ್ವಿಸ್ ಖಾತೆ ನೆಟ್‌ವರ್ಕ್‌ನಲ್ಲಿ ಅನಾಮಧೇಯ, ಹಾಗಾಗಿ ನನಗೆ ಉಪಯೋಗವಿಲ್ಲ. ನೆಟ್‌ವರ್ಕ್ ಸರ್ವಿಸ್‌ನ ಅಧಿಕಾರ ಕಡಿಮೆ. ಅದೂ ಹೊರಗೆ ಹೋಗುವುದು ಕಂಪ್ಯೂಟರ್‌ನ ಹೆಸರಿನಲ್ಲೇ. ಆದರೆ ಕಂಪ್ಯೂಟರ್‌ನ ಹೆಸರಿಗೆ ಕೊಟ್ಟ ಅನುಮತಿ ಅಲ್ಲಿ ಅದೇ ಹೆಸರಿನಲ್ಲಿ ಹೊರಡುವ ಉಳಿದ ಸರ್ವಿಸ್‌ಗಳಿಗೂ ದಕ್ಕುತ್ತದೆ. ನನಗೆ ಇದೊಂದಕ್ಕೆ ಮಾತ್ರ ಕೊಡಬೇಕಿತ್ತು. ಹಾಗಾಗಿ ಕಾರ್ಖಾನೆಯ ಕಂಪ್ಯೂಟರ್‌ಗಳನ್ನೂ ಖಾತೆಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ಡೊಮೈನ್‌ನಲ್ಲಿ ಸಾಮಾನ್ಯ ಖಾತೆಯೊಂದನ್ನು ತೆರೆದು, ಸರ್ವಿಸ್ ಆಗಿ ಲಾಗಿನ್ ಆಗುವ ಹಕ್ಕು ಕೊಟ್ಟೆ. ಕೆಲವು ವಾರ ಚೆನ್ನಾಗಿ ನಡೆಯಿತು. ಪ್ಯಾಚ್ ಹಾಕಿ ಸರ್ವರ್ ಮರುಚಾಲನೆ ಮಾಡಿದ ಭಾನುವಾರ ಸರ್ವಿಸ್ ಏಳಲಿಲ್ಲ: ದೋಷ 1069, ಲಾಗಿನ್ ವಿಫಲ. ಡೊಮೈನ್‌ನ ಮೂಲ ನಿಯಮದಂತೆ ಪಾಸ್‌ವರ್ಡ್‌ನ 42 ದಿನ ಮುಗಿದಿತ್ತು. ಬೆಳಗಿನ ಪಾಳಿಯ ಗುಣಮಟ್ಟದವರು ಅಳತೆಗಳಿಲ್ಲದೆ ಕಾದು ಕುಳಿತಿದ್ದರು. ಆ ದಿನ ನನಗೆ ಬಹಳ ನೋವಾಯಿತು.

ಆಮೇಲೆ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್‌ಗೆ ಬಂದೆ. ವಿಂಡೋಸ್ ಸರ್ವರ್ 2012ರಿಂದ ಈ ಸೌಲಭ್ಯವಿದೆ. ಇದರ ಪಾಸ್‌ವರ್ಡ್ ಯಾವ ಮನುಷ್ಯನಿಗೂ ಗೊತ್ತಿರಬೇಕಾಗಿಲ್ಲ. ಬೇರೆ ಅವಧಿ ಹೇಳದಿದ್ದರೆ ಡೊಮೈನ್ 30 ದಿನಕ್ಕೊಮ್ಮೆ ತಾನೇ ಬದಲಿಸುತ್ತದೆ. ಮೊದಲ ಸಲ ಡೊಮೈನ್‌ನಲ್ಲಿ ಈ ಪಾಸ್‌ವರ್ಡ್‌ಗಳನ್ನು ಹುಟ್ಟಿಸಲು ಬೇಕಾದ ಮೂಲ ಕೀಲಿ ಸೃಷ್ಟಿಸಿದ ಮೇಲೆ ಹತ್ತು ಗಂಟೆ ಕಾಯಬೇಕು. ನನ್ನ ಒಂದು ದಿನ ಹೋದದ್ದು ಬೇರೆ ಕಡೆ: ಪಾಸ್‌ವರ್ಡ್ ಪಡೆಯಬಲ್ಲ ಗುಂಪಿಗೆ ಸರ್ವರ್ ಅನ್ನು ಸೇರಿಸಿದ್ದೆ, ಆದರೆ ಮರುಚಾಲನೆ ಮಾಡಿರಲಿಲ್ಲ. ಹೊಸ ಸದಸ್ಯತ್ವ ಅದಕ್ಕೆ ತಿಳಿದೇ ಇರಲಿಲ್ಲ. ಮರುಚಾಲನೆಯ ನಂತರ ಖಾತೆಯ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಿ, ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟೆ. ಸರ್ವಿಸ್ ಎದ್ದಿತು. ಫೈಲ್ ಸರ್ವರ್‌ನ ಒಂದೇ ಒಂದು ಫೋಲ್ಡರ್‌ಗೆ, ಈ ಖಾತೆಗೆ ಮಾತ್ರ ಬರೆಯುವ ಅನುಮತಿ ಕೊಟ್ಟೆ.

ಯಂತ್ರದ ಜೊತೆಗೆ ಬಂದ ಇನ್ನೊಂದು ಹಳೆಯ ಸರ್ವಿಸ್‌ನ ಇನ್‌ಸ್ಟಾಲರ್ ಖಾಲಿ ಪಾಸ್‌ವರ್ಡ್ ಒಪ್ಪುವುದಿಲ್ಲ. ಅದು ಇನ್ನೂ ಡೊಮೈನ್ ಖಾತೆಯಲ್ಲೇ ಇದೆ. ಆ ಖಾತೆಯಿಂದ ಯಾರೂ ಪರದೆಯ ಮುಂದೆ ಕುಳಿತು ಲಾಗಿನ್ ಆಗದಂತೆ ತಡೆದಿದ್ದೇನೆ. ಪಾಸ್‌ವರ್ಡ್ ಬದಲಿಸಬೇಕಾದ ತಾರೀಖನ್ನು ನನ್ನ ಮೇಜಿನ ಮೇಲಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ.